ಲಿಥಿಯಂ ಬಿಲ್ಲೆಯ ಮೇಲಿನ ಮಂಕು

ಮಂಕು ಹಿಡಿದದ್ದನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಸೂಲಿಬೆಲೆಯ ನಮ್ಮ ಮನೆಯಲ್ಲಿ ಆಯುಧಪೂಜೆ ಬಂತೆಂದರೆ ಕುಡುಗೋಲು, ಗುದ್ದಲಿ, ಹಾಲಿನ ಕ್ಯಾನು, ಸ್ಕೂಟರು ಎಲ್ಲವನ್ನೂ ಫಳಫಳ ಹೊಳೆಯುವಂತೆ ಉಜ್ಜುವುದು ನನ್ನದೇ ಕೆಲಸ. ಆ ಚಾಳಿಯನ್ನು ದೇವನಹಳ್ಳಿ ಹತ್ತಿರದ ಬ್ಯಾಟರಿ ಪ್ರಯೋಗಾಲಯಕ್ಕೂ ಹೊತ್ತುಕೊಂಡು ಹೋದೆ ನೋಡಿ, ಅಲ್ಲೇ ಎಡವಟ್ಟಾಯಿತು.

ಅಲ್ಲಿ ನಾನು ಸಹಾಯಕಿ. ಗಾಳಿ ನುಗ್ಗದ ಗಾಜಿನ ಪೆಟ್ಟಿಗೆಯೊಳಗೆ ರಬ್ಬರ್ ಗ್ಲೌಸಿನಲ್ಲಿ ಕೈ ತೂರಿಸಿ ಕೆಲಸ. ಲಿಥಿಯಂ ಅಂದರೆ ಬೆಣ್ಣೆಯಷ್ಟು ಮೆತ್ತಗಿನ ಲೋಹ. ಅದರ ಹಾಳೆಯಿಂದ ಗುಂಡನೆಯ ಬಿಲ್ಲೆ ಕತ್ತರಿಸಿ, ಬ್ರಷ್ಷಿನಲ್ಲಿ ಕೆರೆದು ಶುಚಿ ಮಾಡಿ, ನಮ್ಮ ಮೇಡಂ ತಯಾರಿಸಿದ ದ್ರಾವಣದಲ್ಲಿ ಎರಡು ದಿನ ನೆನೆಸಿ, ಆಮೇಲೆ ಗುಂಡಿಯಷ್ಟು ಪುಟ್ಟ ಬ್ಯಾಟರಿಯಲ್ಲಿ ಕೂರಿಸಬೇಕು. ಆ ದ್ರಾವಣ ಮೇಡಂ ಅವರ ಎರಡು ವರ್ಷದ ತಪಸ್ಸು. ಈ ಸಲ ಆರು ಬ್ಯಾಟರಿಗಳು ಒಂದು ತಿಂಗಳು ಬಾಳದಿದ್ದರೆ ಯೋಜನೆಯನ್ನೇ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿಯಾಗಿತ್ತು. ಮುಚ್ಚಿದರೆ ಅವರ ಕೆಲಸವೂ ಇಲ್ಲ, ನನ್ನದೂ ಇಲ್ಲ.

ಆಯುಧಪೂಜೆಯ ಹಿಂದಿನ ದಿನ ಎಲ್ಲರೂ ಮೇಜು, ಯಂತ್ರ ಒರೆಸುತ್ತಿದ್ದರು. ನಾನು ಪೆಟ್ಟಿಗೆಯೊಳಗೆ ನೋಡಿದೆ. ನೆಂದ ಬಿಲ್ಲೆಗಳು ಬೂದಿ ಬಳಿದಂತೆ ಮಂಕಾಗಿದ್ದವು. ಛೇ, ಹಬ್ಬದ ಹೊತ್ತಿಗೆ ಇವು ಹೀಗಿರಬೇಕಾ! ಆರನ್ನೂ ಮತ್ತೆ ಕೆರೆದೆ. ಬೆಳ್ಳಿಯ ಹಾಗೆ ಮಿಂಚಿದವು. ಭಾರಿ ಕೆಲಸ ಮಾಡಿದೆನೆಂದು ಬೀಗುತ್ತ ಬ್ಯಾಟರಿಗಳಲ್ಲಿ ಕೂರಿಸಿ, ಪರೀಕ್ಷೆಗೆ ಹಚ್ಚಿ, ಪೆಟ್ಟಿಗೆಗೆ ಕುಂಕುಮವಿಟ್ಟು ಊರಿಗೆ ಹೋದೆ.

ಎಂಟನೇ ದಿನ ಮೊದಲನೆಯದು ಕೈಕೊಟ್ಟಿತು. ಹತ್ತನೇ ದಿನದೊಳಗೆ ಆರೂ ಮಲಗಿದವು. ಮೇಡಂ ಒಂದನ್ನು ಬಿಚ್ಚಿದರು. ಒಳಗೆ ತುಂಬಿದ್ದ ದ್ರವ ಆರಿಹೋಗಿತ್ತು, ಬಿಲ್ಲೆಯ ತುಂಬ ಕಪ್ಪು ಪಾಚಿಯಂಥದ್ದು ಬೆಳೆದಿತ್ತು.

"ನನ್ ದ್ರಾವಣಾನೇ ಸರಿಯಿಲ್ಲ ಬಿಡಮ್ಮ. ನಾಳೆ ಮೀಟಿಂಗಲ್ಲಿ ಹೇಳ್ಬಿಡ್ತೀನಿ," ಎಂದರು. ಅವರ ಕಣ್ಣು ಕೆಂಪಾಗಿತ್ತು.

ಮನಸ್ಸು ತಡೆಯದೆಯೋ ಏನೋ, ಅವುಗಳ ಜೊತೆಯಲ್ಲೇ ನೆನೆಸಿ, ಬ್ಯಾಟರಿಗೆ ಹಾಕದೆ ಮೊದಲೇ ಎತ್ತಿಟ್ಟಿದ್ದ ಏಳನೇ ಬಿಲ್ಲೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದರು. ದೊಡ್ಡ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ.

"ಲಿಥಿಯಂ ಬಲು ಮುಂಗೋಪಿ ಕಣಮ್ಮ. ಮೈಗೆ ತಾಗಿದ ದ್ರವಾನ ಒಡೆದು ಹಾಕ್ಬಿಡುತ್ತೆ. ಆದ್ರೆ ಆ ಒಡೆದ ಚೂರೇ ಅದರ ಮೇಲೆ ಕೂತು ಚರ್ಮ ಆಗುತ್ತೆ. ಚರ್ಮ ಗಟ್ಟಿಯಾಗಿ ಕೂತ್ರೆ ಉಳಿದ ದ್ರವ ಬಚಾವು. ಲಿಥಿಯಂ ಕಣ ಮಾತ್ರ ದಾಟ್ಕೊಂಡು ಓಡಾಡುತ್ತೆ. ಬ್ಯಾಟರಿ ಒಳಗಿನ ದ್ರವದಲ್ಲಿ ಅದು ಗಟ್ಟಿಯಾಗಿ ಬರಲ್ಲ, ಮೊದಲೇ ನೆನೆಸೋ ದ್ರಾವಣದಲ್ಲಿ ಚೆನ್ನಾಗಿ ಬರ್ಲಿ ಅಂತಾನೇ ನಾನು ಎರಡು ವರ್ಷ ಒದ್ದಾಡಿದ್ದು."

ನೋಡಿದೆ. ಒಂದು ಕೂದಲಿನ ದಪ್ಪದಲ್ಲಿ ಸಾವಿರ ಪದರ ಹಿಡಿಸುವಷ್ಟು ತೆಳು. ಅಬ್ಬಬ್ಬಾ! ಯಾರೂ ನೇಯ್ದದ್ದಲ್ಲ, ಯಾರೂ ಬಳಿದದ್ದಲ್ಲ. ಒಂದು ದ್ರವ ತಾನು ಚೂರು ಹಾಳಾಗಿ, ಉಳಿದ ತನ್ನನ್ನು ಕಾಯುತ್ತಿದೆ. ಮೈ ಜುಮ್ಮೆಂದಿತು, ಕೈ ಮುಗಿಯಬೇಕೆನಿಸಿತು. ಮರುಗಳಿಗೆಯೇ ಹೊಳೆಯಿತು. ನಾನು ಕೆರೆದು ಕಸದ ಬುಟ್ಟಿಗೆ ಹಾಕಿದ್ದು ಕೊಳೆಯಲ್ಲ, ಇದೇ ಚರ್ಮ.

ಹೇಳದೆ ಇರಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಆ ಯೋಚನೆಯೂ ಬಂತು.

"ಮೇಡಂ, ಬೈಬೇಡಿ. ನೆಂದ್ಮೇಲೆ ಆರನ್ನೂ ಮತ್ತೆ ಉಜ್ಜಿಬಿಟ್ಟೆ. ಹಬ್ಬ ಅಲ್ವಾ ಅಂತ..."

ಅವರು ಕುರ್ಚಿಯಲ್ಲಿ ಕುಸಿದರು. "ಅಯ್ಯೋ ಪುಣ್ಯಾತ್ಗಿತ್ತಿ! ಎಂಥ ಕೆಲ್ಸ ಮಾಡ್ದೆ!"

ನಾನು ಗಳಗಳ ಅತ್ತೆ. ಮರುದಿನ ಮೀಟಿಂಗಿನಲ್ಲಿ ಎದ್ದು ನಿಂತು ಎಲ್ಲರೆದುರು ಒಪ್ಪಿಕೊಂಡೆ. ಮೇಲಿನವರು ಚೆನ್ನಾಗಿ ಉಗಿದರು. ಕೊನೆಗೆ, ಇನ್ನೊಂದೇ ಒಂದು ಸಲ ಮಾಡಿ ನೋಡಿ ಎಂದರು.

ಹೊಸ ಆರು ಬಿಲ್ಲೆಗಳು ನೆಂದು ಮಂಕಾದವು. ಮೇಡಂ ನನ್ನನ್ನೇ ಪೆಟ್ಟಿಗೆಯ ಮುಂದೆ ಕೂರಿಸಿದರು. ಉಸಿರು ಬಿಗಿಹಿಡಿದು, ಚಿಮುಟದಲ್ಲಿ ಅಂಚಷ್ಟೇ ಹಿಡಿದು ಒಂದೊಂದನ್ನೇ ಎತ್ತಿ ಕೂರಿಸಿದೆ. ಆಮೇಲೆ ದಿನಾ ಬೆಳಿಗ್ಗೆ ಬಂದವಳೇ ಗ್ರಾಫ್ ನೋಡುತ್ತಿದ್ದೆ. ಲೆಕ್ಕವಿಲ್ಲದಷ್ಟು ಕಣಗಳು ಹೋಗಿ ಬಂದರೂ ಅಷ್ಟು ತೆಳು ಚರ್ಮ ಹರಿದಿಲ್ಲವಲ್ಲ ಎಂದು ಸೋಜಿಗವಾಗುತ್ತಿತ್ತು. ಹತ್ತನೇ ದಿನ ದಾಟಿತು, ಇಪ್ಪತ್ತೂ ದಾಟಿತು.

ತಿಂಗಳು ತುಂಬಿದ ಬೆಳಿಗ್ಗೆ ಆರು ಗೆರೆಗಳೂ ನೆಟ್ಟಗೆ ಸಾಗುತ್ತಿದ್ದವು. ಮೇಡಂ ಪರದೆ ನೋಡಿ, ನನ್ನ ಕೈ ಹಿಡಿದುಕೊಂಡರು.

"ನೀನು ಅವತ್ತು ಬಾಯ್ಮುಚ್ಕೊಂಡು ಇದ್ದಿದ್ರೆ, ನಂದೇ ತಪ್ಪು ಅಂತ ನಂಬ್ಕೊಂಡೇ ಸಾಯ್ತಿದ್ದೆ ಕಣೇ."