ಆರು ಪಾಠ ಪುಕ್ಕಟೆ, ಕಣ್ಣು ಬೇರೆ

ಕೊಪ್ಪಳದ ನಮ್ಮ ಮನೆಗೆ ಬಂದವರು ಚಹಾ ಬರುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು: ಪುಸ್ತಕದ ಕಪಾಟಿನ ಮೇಲಿರುವ ಆ ಗೊಂಬೆ ಗೋಡೆಯ ಕಡೆ ಮುಖ ಮಾಡಿ ಯಾಕೆ ನಿಂತಿದೆ? ಕೊಡ ಹೊತ್ತ ಹೆಣ್ಣು, ಗೇಣುದ್ದ, ಹಸಿರು ಸೀರೆ, ಬೆನ್ನ ಮೇಲೆ ನಾನೇ ಬರೆದ ಜಡೆ. ಜಡೆಯೆಂದು ನಾನು ಹೇಳಿದರೆ ಮಾತ್ರ ಅದು ಜಡೆ, ಹೇಳದಿದ್ದರೆ ಜರಿಹುಳ. ಮುಖ ಸರಿಯಾಗಿ ಬಂದಿಲ್ಲ, ಅದಕ್ಕೇ ನಾಚಿಕೆ ಎಂದು ಉತ್ತರಿಸುತ್ತಿದ್ದೆ. ನಾಚಿಕೆ ಯಾರಿಗೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ. ನಿಮ್ಮಲ್ಲಿ ಮುಚ್ಚಿಡುವುದೇನು, ಆ ಗೊಂಬೆಗೆ ಕಣ್ಣಿರಲಿಲ್ಲ.

ಇದರ ಮೂಲ ಒಂದು ಪುಕ್ಕಟೆ ಪಾಠದಲ್ಲಿದೆ. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಾಗಿನ ವಿದ್ಯಾರ್ಥಿನಿ ಗಿರಿಜಾ, ಕಿನ್ನಾಳದ ಗೊಂಬೆ ಮಾಡುವ ಮನೆತನದವಳು. ಮರದ ಗೊಂಬೆಯನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸಿದರೆ ದಾರಿಯಲ್ಲಿ ಮೂಗು ಮುರಿಯುತ್ತದೆ. ಗೊಂಬೆ ಮಾಡುವುದನ್ನು ಕಲಿಸುವ ವಿಡಿಯೋಗೆ ಮೂಗಿನ ಚಿಂತೆಯಿಲ್ಲ. ಹಾಗಾಗಿ ತಂದೆ ವಿರೂಪಾಕ್ಷಪ್ಪನವರ ಕೈಕೆಲಸವನ್ನು ಚಿತ್ರೀಕರಿಸಿ, ಅಂತರ್ಜಾಲದಲ್ಲಿ ಮಾರುವುದೆಂದು ಅವಳು ನಿಶ್ಚಯಿಸಿದಳು. ಮಾರುವುದು ಹೇಗೆಂದು ಕಲಿತದ್ದೂ ಫೋನಿನಲ್ಲಿ ಸಿಕ್ಕ ಒಂದು ಪುಕ್ಕಟೆ ತರಗತಿಯಿಂದಲೇ. ಅದರ ಸಾರ ಇಷ್ಟು: ಮೊದಲು ಧಾರಾಳವಾಗಿ ಕೊಡಿ, ಕಲಿಯುವವನ ಕೈ ನಿಲ್ಲಲೊಲ್ಲದ ಜಾಗ ನೋಡಿ ನಿಲ್ಲಿಸಿ, ಅಲ್ಲಿಂದ ಮುಂದಕ್ಕೆ ಬೆಲೆಯಿಡಿ. ಆ ತರಗತಿಯೂ ಅಂಥದೊಂದು ಜಾಗದಲ್ಲಿ ನಿಂತಿತಂತೆ. ಮುಂದಿನ ಪಾಠಕ್ಕೆ ಗಿರಿಜಾ ಹಣ ಕಟ್ಟಲಿಲ್ಲ. ಎಲ್ಲಿ ನಿಲ್ಲಿಸಬಾರದು ಎಂಬುದು ಬಹುಶಃ ಆ ಪಾಠದಲ್ಲಿತ್ತು.

ಮರ ಕೆತ್ತುವುದು, ಹುಣಸೆಬೀಜದ ಅಂಟು ಕಾಯಿಸುವುದು, ಕಟ್ಟಿಗೆಪುಡಿಯ ಲೇಪ ಹಚ್ಚುವುದು, ಬಿಳಿಯ ತಳ, ಸೀರೆ, ಮುಖದ ಬಣ್ಣ ಎಂದು ಆರು ಪಾಠ ಪುಕ್ಕಟೆ. ಏಳನೆಯದು ಕಣ್ಣು, ಅದಕ್ಕೆ ಮಾತ್ರ ಬೆಲೆ. ಪಾಠಗಳ ಜೊತೆಗಿನ ಮಾತುಗಳನ್ನು ಬರೆದುಕೊಟ್ಟವನು ನಾನು. ಆರನೆಯ ಪಾಠದ ಕೊನೆಗೆ, ‘ನಿಮ್ಮ ಗೊಂಬೆ ನಿಮ್ಮನ್ನು ನೋಡಲು ಕಾದಿದೆ’ ಎಂದು ಬರೆದೆ. ಮೂವತ್ತು ವರ್ಷ ಅಲಂಕಾರಶಾಸ್ತ್ರ ಕಲಿಸಿ ನಿವೃತ್ತನಾದವನ ಚಪಲ. ಬರೆದು, ಎರಡು ಸಲ ಗಟ್ಟಿಯಾಗಿ ಓದಿಕೊಂಡು, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನಮಗಿಬ್ಬರಿಗೂ ಹೊಳೆಯದೇ ಹೋದದ್ದು ಒಂದಿತ್ತು. ವಿರೂಪಾಕ್ಷಪ್ಪನವರ ಮನೆಯ ಪದ್ಧತಿಯಲ್ಲಿ ಮುಖಕ್ಕೆ ಬಣ್ಣ ಬಿದ್ದ ಗೊಂಬೆಗೆ ಅಂದೇ ಕಣ್ಣು ಬರೆಯಬೇಕು. ಆಗದಿದ್ದರೆ, ಬರೆಯುವ ತನಕ ಅದನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಬೇಕು. ಚಹಾ ಮಾಡುವುದನ್ನು ಕಲಿಸುವವರು ಒಲೆ ಹಚ್ಚಿರೆಂದು ಹೇಳುವುದಿಲ್ಲವಲ್ಲ, ಹಾಗೆ ಇದನ್ನೂ ಪಾಠದಲ್ಲಿ ಯಾರೂ ಹೇಳಲಿಲ್ಲ. ಏಳು ಪಾಠಗಳನ್ನೂ ಒಂದೇ ಹಗಲಿನಲ್ಲಿ ಮಾಡಿ ತೋರಿಸಿದ್ದ ವಿರೂಪಾಕ್ಷಪ್ಪನವರಿಗೆ, ಆರರ ಮುಂದೆ ಕತ್ತರಿ ಬಿದ್ದಿದೆಯೆಂಬುದೇ ಗೊತ್ತಿರಲಿಲ್ಲ.

ಪುಕ್ಕಟೆಯೆಂದ ಮೇಲೆ ಜನ ಬಂದರು. ಗಿರಿಜಾಳ ಫೋನು ಫೋಟೋಗಳಿಂದ ತುಂಬಿತು. ಟಿವಿಯ ಪಕ್ಕ, ಫ್ರಿಜ್ಜಿನ ಮೇಲೆ, ದೇವರ ಜಗಲಿಯ ಅಂಚಿನಲ್ಲಿ ಕೊಡ ಹೊತ್ತ ಹೆಣ್ಣುಗಳು, ಮುಖವೆಲ್ಲ ನುಣುಪು, ಹುಬ್ಬಿನ ಕೆಳಗೆ ಏನೂ ಇಲ್ಲ. ಏಳನೆಯ ಪಾಠ ಕೊಂಡವರು ಬೆರಳೆಣಿಕೆಯಷ್ಟು. ಗಂಗಾವತಿಯ ದರ್ಜಿ ಖಾದರಸಾಬರು ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದ್ದರು: “ಅಕ್ಕಾರ, ಗೊಂಬಿ ಭಾಳ ಛಲೋ ಆಗೇತ್ರಿ. ಆದ್ರ ಮಷೀನಿನ ಮಗ್ಗಲಕ್ಕ ಇಟ್ಕೊಂಡು ಹೊಲಿಯೂಮುಂದ ಯಾರೋ ನೋಡಾಕತ್ತಂಗ ಆಗ್ತೈತಿ. ತಿರುಗಿ ನೋಡಿದ್ರ ಅದಕ್ಕ ಕಣ್ಣ ಇಲ್ಲ!” ಎಂದು ನಕ್ಕಿದ್ದರು. ಆ ನಗು ನಿಲ್ಲಬೇಕಾದ ಕಡೆಗಿಂತ ಸ್ವಲ್ಪ ಮೊದಲೇ ನಿಂತಿತ್ತು. ಕುಷ್ಟಗಿಯ ಒಬ್ಬ ತಾಯಿ, ಗೊಂಬೆಯಿಟ್ಟ ಕೋಣೆಯಲ್ಲಿ ಮಗಳು ಉಣ್ಣಲೊಲ್ಲಳು ಎಂದು ಬರೆದಿದ್ದರು.

ನನ್ನದೂ ಹಾಗೆಯೇ ಆಯಿತು. ನನ್ನ ಮಾತುಗಳ ರುಚಿ ನೋಡಲೆಂದು ನಾನೂ ಹೆಸರು ಹಚ್ಚಿ, ಎಲ್ಲರಂತೆ ಆರರವರೆಗೆ ಮಾಡಿ ನಿಲ್ಲಿಸಿದ್ದೆ. ಏಳನೆಯದನ್ನು ಕೊಳ್ಳಲು ಜಿಪುಣತನ, ಪುಕ್ಕಟೆ ಕೇಳಲು ಸಂಕೋಚ. ಒಂದು ಮಧ್ಯಾಹ್ನ ಓದುತ್ತ ಕೂತಾಗ, ಹಾಳೆ ತಿರುಗಿಸುವ ಮೊದಲೇ ಆ ಪುಟವನ್ನು ಬೇರೆ ಯಾರೋ ಓದಿ ಮುಗಿಸಿದ್ದಾರೆಂದು ಅನಿಸಿತು. ಎದ್ದು ಹೋಗಿ ಗೊಂಬೆಯನ್ನು ಗೋಡೆಗೆ ತಿರುಗಿಸಿದೆ. ಹೀಗೆಂದು ನನ್ನ ನೆನಪು. ನನ್ನ ನೆನಪನ್ನು ನಾನು ಸಾಕ್ಷಿಯ ಕಟ್ಟೆ ಹತ್ತಿಸುವುದಿಲ್ಲ, ಕೇಳುವವರಿಗೆ ಇಷ್ಟವಾಗುವಂತೆ ಹೇಳುವ ಚಟ ಅದಕ್ಕಿದೆ. ಹೆಂಡತಿಯ ನೆನಪಿನ ಪ್ರಕಾರ, ಅದೇ ದಿನ ಮುಂಜಾನೆ ಧೂಳು ಒರೆಸುವಾಗ ತಿರುಗಿಸಿದವಳು ಅವಳು. “ನೀವಲ್ರಿ, ನಾನ. ಅದರ ಮಾರಿ ನೋಡಿ ಎದಿ ಝಲ್ ಅಂದಿತ್ತು” ಎನ್ನುತ್ತಾಳೆ. ಇರಲಿ, ಇಬ್ಬರೂ ತಿರುಗಿಸಿದ್ದರೆ ಗೊಂಬೆ ಮತ್ತೆ ನಮ್ಮ ಕಡೆಗೇ ಮುಖ ಮಾಡಿರಬೇಕಿತ್ತು. ಅದು ಗೋಡೆ ನೋಡುತ್ತಿತ್ತು. ಮೂರನೆಯ ಸಲ ತಿರುಗಿಸಿದವರು ಯಾರೆಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಅದೇ ವಾರ ಗಿರಿಜಾ ಹೆಮ್ಮೆಯಿಂದ ಆ ಫೋಟೋಗಳನ್ನು ತಂದೆಗೆ ತೋರಿಸಿದಳು. ಅವರು ಒಂದೊಂದನ್ನೇ ಬೆರಳಿನಿಂದ ಸರಿಸುತ್ತ ಹೋಗಿ, “ಇವಕ್ಕ ಕಣ್ಣು?” ಎಂದರಂತೆ. “ಅದು ರೊಕ್ಕ ಕೊಟ್ಟವರಿಗೆ ಅಪ್ಪಾ.” ವಿರೂಪಾಕ್ಷಪ್ಪ ಎದ್ದು ಕುಂಚಗಳನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಿದರು.

ನನ್ನನ್ನು ಕಿನ್ನಾಳಕ್ಕೆ ಕರೆಸಿದರು. ಪಡಸಾಲೆಯಲ್ಲಿ ಮುಖದ ಬಣ್ಣ ಮುಗಿದ ಗೊಂಬೆಗಳು ಗೋಡೆಯುದ್ದಕ್ಕೂ ಬೆನ್ನು ತೋರಿಸಿ ನಿಂತಿದ್ದವು. ಇಷ್ಟು ಬೆನ್ನುಗಳನ್ನು ಒಟ್ಟಿಗೆ ನೋಡಿದರೆ, ಮಾತಾಡುತ್ತಿದ್ದವರು ನಾವು ಬಂದೊಡನೆ ಸುಮ್ಮನಾದಂತೆ ಕಾಣುತ್ತದೆ. “ಅಷ್ಟು ಮಂದಿ ಮನಿಯಾಗ ನನ್ನ ಹೆಸರಲೆ ಕಣ್ಣಿಲ್ಲದ ನಿಂತಾವು. ನಾ ಇಲ್ಲಿ ಕುಂತು ಯಾವುದಕ್ಕಂತ ಕಣ್ಣು ಬರೀಲಿ?” ಎಂದರು ವಿರೂಪಾಕ್ಷಪ್ಪ. ನಾನು ಮಾರುಕಟ್ಟೆಯ ನಿಯಮ ವಿವರಿಸಲು ಬಾಯಿ ತೆರೆದೆ. “ಗುರುಗಳ, ನೀವು ಪದ್ಯ ಅರ್ಧಾ ಹೇಳಿ, ಉಳಿದದ್ದಕ್ಕ ರೊಕ್ಕ ಕೇಳಿದ್ದಿರೇನ್ರಿ?” ಪರೀಕ್ಷೆಯ ಮುಂಚೆ, ಮನೆಪಾಠಕ್ಕೆ ಬಂದವರಿಗಷ್ಟೇ ಕೊಡುತ್ತಿದ್ದ ನನ್ನ ಟಿಪ್ಪಣಿಗಳು ನೆನಪಾಗಿ ಬಾಯಿ ಮುಚ್ಚಿದೆ. ಈ ನೆನಪು ಮಾತ್ರ ಖಾತ್ರಿ.

ಅಂಗಳದವರೆಗೆ ಕಳಿಸಲು ಬಂದ ಗಿರಿಜಾ, “ಸರ್, ಮಾರಾಕ ನನ್ನ ಹತ್ರ ಇರೂದು ಅದೊಂದ ಪಾಠ. ವರ್ಷಗಟ್ಲೆ ದುಡದೀನಿ. ಅದನ್ನೂ ಕೊಟ್ರ ನಂದು ಅಂತ ಏನ ಉಳೀತೈತ್ರಿ?” ಎಂದಳು. ಮೂರು ದಿನ ಅವಳು ಆ ಬೆನ್ನುಗಳ ಎದುರಿಗೇ ಕೂತು ಉಂಡಳಂತೆ. ನಾಲ್ಕನೆಯ ದಿನ ಏಳನೆಯ ಪಾಠವನ್ನು ಎಲ್ಲರಿಗೂ ಪುಕ್ಕಟೆ ಕಳಿಸಿಬಿಟ್ಟಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕಳಿಸಿದ ಪಾಠವನ್ನು ಯಾರು ತೆರೆದರು, ಯಾರು ತೆರೆಯಲಿಲ್ಲ ಎಂಬುದನ್ನು ಗಿರಿಜಾಳ ಫೋನು ಪಟ್ಟಿ ಮಾಡಿ ತೋರಿಸುತ್ತದೆ. ಪರದೆಯುದ್ದಕ್ಕೂ ಹೆಸರುಗಳು, ಹೆಸರುಗಳ ಮುಂದೆ ‘ತೆರೆದಿಲ್ಲ’, ‘ತೆರೆದಿಲ್ಲ’. ಬೆಲೆಯಿದ್ದಾಗ ಕಾಡಿದ ಕಣ್ಣು ಪುಕ್ಕಟೆಯಾದ ಮೇಲೆ ಯಾರಿಗೂ ತುರ್ತಾಗಿರಲಿಲ್ಲ. ವಿರೂಪಾಕ್ಷಪ್ಪ ತಮಗೆ ತಾವೇ ಒಂದು ಕಟ್ಟಳೆ ಹಾಕಿಕೊಂಡರು: ಹೊರಗೆ ಒಂದು ಗೊಂಬೆಗೆ ಕಣ್ಣು ಬಂದ ಫೋಟೋ ಬಂದರೆ, ಒಳಗೆ ಒಂದನ್ನು ಗೋಡೆಯಿಂದ ತಿರುಗಿಸಿ ಕಣ್ಣು ಬರೆಯುವುದು. ಅದಕ್ಕಿಂತ ಹೆಚ್ಚಿಲ್ಲ. ಖಾದರಸಾಬರ ಫೋಟೋ ಮೊದಲು ಬಂತು. ಆಮೇಲೆ ಒಂದು, ಎರಡು. ಆಮೇಲೆ ಒಂದು ವಾರ ಏನೂ ಇಲ್ಲ.

ಆಗ ಗಿರಿಜಾ ಫೋನ್ ಮಾಡಿದಳು. ಬಹಳ ಹೊತ್ತು ಆರೋಗ್ಯ ವಿಚಾರಿಸಿ, ಕೊನೆಗೆ, “ತೆರೀಲಾರದವರ ಪಟ್ಯಾಗ ನಿಮ್ಮ ಹೆಸರೂ ಐತ್ರಿ ಸರ್” ಎಂದಳು.

ಆ ಮಧ್ಯಾಹ್ನವೇ ಕೂತೆ. ಪರದೆಯಲ್ಲಿ ವಿರೂಪಾಕ್ಷಪ್ಪನವರ ಕೈ, ಅದರ ಹಿಂದಿನಿಂದ ದನಿ: “ಎದುರಿಗೆ ಕುಂದರಬ್ಯಾಡ್ರಿ, ಮಗ್ಗಲಕ್ಕ ಕುಂದರ್ರಿ. ಉಸುರು ಹಿಡೀರಿ. ಬರದಾದ ಮ್ಯಾಲೆ ಕನ್ನಡಿ ತೋರಸ್ರಿ, ಮೊದಲ ತನ್ನ ತಾ ನೋಡ್ಕೊಳ್ಳಲಿ.” ಬಲಗಣ್ಣು ಬಂತು. ಎಡಗಣ್ಣು ಕೊಂಚ ದೊಡ್ಡದಾಯಿತು. ಗಡ್ಡ ಬೋಳಿಸುವ ಕನ್ನಡಿಯನ್ನು ತಂದು ಹಿಡಿದೆ. ನಾನು ಅದನ್ನು ಓರೆಯಾಗಿ ಹಿಡಿದಿದ್ದೆನೋ ಏನೋ, ಅವಳು ತನ್ನನ್ನು ನೋಡಿಕೊಳ್ಳಲಿಲ್ಲ. ಕನ್ನಡಿಯೊಳಗಿಂದ ನೇರವಾಗಿ ನನ್ನನ್ನು ನೋಡಿದಳು, ಬಹಳ ದಿನ ಕಾದವರು ನೋಡುವ ಹಾಗೆ. ‘ನಿಮ್ಮನ್ನು ನೋಡಲು ಕಾದಿದೆ’ ಎಂಬ ಆ ವಾಕ್ಯ ನನ್ನದೇ ಎಂಬುದು ಆಗ ನೆನಪಾಯಿತು.

ಫೋಟೋ ಕಳಿಸಿದೆ. ಸಂಜೆ ಕಿನ್ನಾಳದಿಂದ ಮರುಫೋಟೋ ಬಂತು. ಗೋಡೆಯುದ್ದಕ್ಕೂ ಅವೇ ಬೆನ್ನುಗಳು, ನಡುವೆ ಹೊಸದಾಗಿ ಈ ಕಡೆ ತಿರುಗಿದ ಒಂದು ಮುಖ, ಅದರ ಪಕ್ಕದಲ್ಲಿ ಒದ್ದೆ ಕುಂಚ. ಕೆಳಗೆ ಗಿರಿಜಾ ಬರೆದಿದ್ದಳು: “ಇದು ನಿಮ್ಮದರ ಲೆಕ್ಕಕ್ಕ ಸರ್.”

ಈಗ ಬಂದವರು ಗೊಂಬೆಯ ಬಗ್ಗೆ ಕೇಳುವುದಿಲ್ಲ. ಅವಳು ಕೋಣೆಯ ಕಡೆ ಮುಖ ಮಾಡಿ, ಒಂದು ಕಣ್ಣು ದೊಡ್ಡದು ಮಾಡಿಕೊಂಡು, ಕಪಾಟಿನ ಮೇಲೆ ನಿಂತಿದ್ದಾಳೆ. ಓದುವ ಕುರ್ಚಿ ಯಾಕೆ ಗೋಡೆಯ ಕಡೆ ಮುಖ ಮಾಡಿದೆ ಎಂದು ಕೇಳುತ್ತಾರೆ. ಏಕಾಗ್ರತೆಗೆ ಎನ್ನುತ್ತೇನೆ. ಕುರ್ಚಿಯನ್ನು ತಿರುಗಿಸಿದವನು ನಾನೇ ಎಂದು ನನ್ನ ನೆನಪು. ಹೆಂಡತಿಯನ್ನು ಇನ್ನೂ ಕೇಳಿಲ್ಲ.