ಮಗ್ಗದ ಗುಂಡಿ ಒಣಗಿದ ದಿನ

ನನ್ನ ಗೆಳೆಯ ಪಾಪಣ್ಣ ತೀರಿಕೊಂಡದ್ದು ಮೆಟ್ಟೂರು ಅಣೆಕಟ್ಟೆ ಮುಗಿದ ಮರುವರ್ಷ, ಮೂತ್ರ ಕಟ್ಟಿ. ಊರಿನಲ್ಲಿ ಜ್ವರವೆಂದು ಹೇಳಿದರು. ತಾರಮಂಗಲಂನ ನಮ್ಮ ಕೇರಿಯಲ್ಲಿ ಅಂಥ ಕಾಯಿಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅವನು ಸೀರೆ ನೇಯುತ್ತಿದ್ದ. ಕಾಲುಗಳನ್ನು ನೆಲದ ಗುಂಡಿಗೆ ಇಳಿಬಿಟ್ಟು ಕುಳಿತು ತುಳಿಯುವ ಮಗ್ಗ. ಐವತ್ತು ದಾಟಿದ ಮೇಲೆ ಅವನಿಗೆ ತಿಳಿಯದೆಯೇ ಮೂತ್ರ ಹನಿಹನಿಯಾಗಿ ಸೋರತೊಡಗಿತು. ಪಂಚೆಯೊಳಗೆ ಹಳೆಯ ಬಟ್ಟೆ ಮಡಚಿ ಕಟ್ಟಿಕೊಂಡ. ಗುಂಡಿಗೆ ಬೂದಿ ಸುರಿದ. ಆದರೂ ವಾಸನೆ ಹೋಗಲಿಲ್ಲ. ಆ ಹೊತ್ತಿಗೆ ಅವನ ಮುದಿ ನಾಯಿ ಕೆಂಪಿಯೂ ಮಲಗಿದಲ್ಲೇ ನೆಲ ನೆನೆಸುತ್ತಿತ್ತು. ವಾಸನೆ ಅದರದ್ದೇ ಎಂದುಕೊಳ್ಳಲೆಂದು ಪಾಪಣ್ಣ ಅದನ್ನು ಕರೆದು ಗುಂಡಿಯಲ್ಲೇ ಮಲಗಿಸಿಕೊಂಡ.

ಒಂದು ಬೆಳಿಗ್ಗೆ ಅವನ ಹೆಂಡತಿ ಗಂಗಲಕ್ಷ್ಮಮ್ಮ ನನ್ನೆದುರಿಗೇ ಕೆಂಪಿಯ ಮೇಲೆ ಪೊರಕೆ ಎತ್ತಿದಳು. "ಈ ಮುದುಕೀನ ಓಡಿಸ್ತೀನಿ ನೋಡು. ಸೀರೆ ನಾತ ಒಡೀತೈತೆ ಅಂತ ಸಾವುಕಾರ ಮುಖಕ್ಕೆ ಎಸೀತಾನೆ."

"ಬುಡೇ," ಎಂದ ಪಾಪಣ್ಣ. "ನಿದ್ದೇಲಿ ಓಗೋದು ಅದಕ್ಕೆ ಗೊತ್ತಾಗಲ್ಲ. ಒಡೆದ್ರೆ ನಿಂತೋಯ್ತದಾ? ಗೋಣಿ ಆಕು, ದಿನಾ ಒಗಿ. ಮಲಗೋಕೆ ಮುಂಚೆ ಒಂದ್ಸಲ ಆಚೆ ಕರ್ಕೊಂಡೋಗು."

"ನಾಯಿಗೆ ಬಾಣಂತನ ಬೇರೆ ಮಾಡ್ಬೇಕಾ?" ಎಂದಳು. ಆದರೂ ಗೋಣಿ ತಂದು ಹಾಸಿದಳು.

ಅದೇ ಮಾತನ್ನು ತನಗೆ ಹೇಳಿಕೊಳ್ಳಲು ಅವನಿಂದಾಗಲಿಲ್ಲ. ನಮ್ಮ ಮನೆಗೆ ಬಂದರೆ ಚಾಪೆಯ ಮೇಲೆ ಕೂರುತ್ತಿರಲಿಲ್ಲ, ಕಂಬಕ್ಕೆ ಒರಗಿ ನಿಂತೇ ಮಾತಾಡುತ್ತಿದ್ದ. ಗುಟ್ಟು ಹೇಳಿದ್ದು ನನಗೊಬ್ಬನಿಗೆ. ಸೇಲಂ ಡಾಕ್ಟರಿಗೆ ತೋರಿಸೋಣವೆಂದರೆ, "ಪಂಚೆ ಬಿಚ್ಚಿಸ್ತಾನೆ, ವೇಣಾಂ, ಬ್ಯಾಡ," ಎನ್ನುತ್ತಿದ್ದ.

"ಗಂಗಲಕ್ಷ್ಮಿಗಾದ್ರೂ ವಿಷ್ಯ ಏಳೋ."

"ಅವಳಿಗೆ ಗೊತ್ತಾದ ದಿನ ನಾನು ಮಗ್ಗದ ಮೇಲೆ ಕೂರಲ್ಲ ಕಣೋ. ಯಾವ ಮುಖ ಇಟ್ಕೊಂಡು ಕೂರಲಿ?"

ಸೋರದಿರಲೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ. ಚಿತ್ತಿರೈ ತಿಂಗಳ ಸುಡು ಬೇಸಿಗೆಯಲ್ಲೂ ಬಾಯಿ ಮುಕ್ಕಳಿಸಿ ಉಗುಳಿಬಿಡುತ್ತಿದ್ದ.

ಒಂದು ಮಧ್ಯಾಹ್ನ ನೇರವಾಗಿ ಬಂದು ಚಾಪೆಯ ಮೇಲೆ ಕುಳಿತ. "ನಿಂತೋಯ್ತು ಕಣೋ! ಬೆಳಿಗ್ಗೆಯಿಂದ ಒಂದ್ ಅನಿ ಇಲ್ಲ. ಗುಂಡಿ ಒಣಗೈತೆ. ಮಜ್ಜಿಗೆ ತರ್ಸು." ಚೊಂಬು ಎತ್ತಿ ಗಟಗಟನೆ ಕುಡಿದ. ಇಬ್ಬರೂ ಮನಸಾರೆ ನಕ್ಕೆವು.

ಸಂಜೆಗೆ ಅವನ ಕಿಬ್ಬೊಟ್ಟೆ ಕಲ್ಲಿನಂತೆ ಬಿಗಿಯಿತು. ಗಾಡಿ ಕಟ್ಟಿಕೊಂಡು ಸೇಲಂಗೆ ಹೋದೆವು. ಗಾಡಿ ಕುಲುಕಿದಾಗಲೆಲ್ಲ ಅವನು ಚೀರುತ್ತಿದ್ದ. ಡಾಕ್ಟರು ರಬ್ಬರ್ ಕೊಳವೆ ಹಾಕಿ ಮೂತ್ರ ತೆಗೆದರು. ಮೂತ್ರಚೀಲದ ಕೆಳಗಿನ ಗ್ರಂಥಿ ಊದಿ ದಾರಿ ಕಟ್ಟುತ್ತಾ ಬಂದಿತ್ತಂತೆ. ಚೀಲ ತುಂಬಿ, ಹಿಡಿಸದೆ ಉಕ್ಕಿದ್ದಷ್ಟೇ ಸೋರುತ್ತಿತ್ತು. ಆ ದಿನ ದಾರಿ ಪೂರ್ತಿ ಮುಚ್ಚಿತ್ತು. ನಾವು ನಕ್ಕದ್ದು ಅದಕ್ಕೆ. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು, ಈಗ ಮೂತ್ರಪಿಂಡಗಳು ಕೆಟ್ಟಿವೆ ಎಂದರು ಡಾಕ್ಟರು. ಅಮಾವಾಸ್ಯೆಗೆ ಮೊದಲೇ ಅವನು ಹೋದ.

ಕರ್ಮಾಂತರ ಮುಗಿದ ಮೇಲೆ ಅವರ ಮನೆಗೆ ಹೋದೆ. ಗಂಗಲಕ್ಷ್ಮಮ್ಮ ಬಾವಿಕಟ್ಟೆಯಲ್ಲಿ ಕೆಂಪಿಯ ಗೋಣಿ ಒಗೆಯುತ್ತಿದ್ದಳು. ಅವನು ಅಷ್ಟು ಕಾಲ ಮುಚ್ಚಿಟ್ಟದ್ದನ್ನೆಲ್ಲ ಹೇಳಿದೆ. ಅವಳು ಗೋಣಿ ಹಿಂಡುವುದನ್ನು ನಿಲ್ಲಿಸಲಿಲ್ಲ.

"ನಾಯೀದು ಒಗೀತೀನಲ್ಲಣ್ಣ," ಎಂದಳು. "ಅವರದ್ದು ಒಗೀತಿರಲಿಲ್ವಾ?"