ವಿಮೆಯ ಫಾರಂನಲ್ಲಿ ನಾನು ಯಾರು

ಎಪ್ಪತ್ತರ ದಶಕದಲ್ಲಿ ಹೊಸದುರ್ಗದಲ್ಲಿ ನಾವಿದ್ದ ವಠಾರದ ಮೂಲೆಮನೆಯಲ್ಲಿ ಒಬ್ಬ ಗಾರೆ ಕೆಲಸದವನಿದ್ದ. ಅವನ ಜೊತೆಗಿದ್ದವಳು ಮದುವೆಯಾದ ಹೆಂಡತಿಯಲ್ಲ. ಅವನು ಜ್ವರ ಬಂದು ತೀರಿಕೊಂಡ ಹನ್ನೆರಡನೆಯ ದಿನ ಅವನ ಅಣ್ಣಂದಿರು ಬಂದು ಮಂಚ, ಟ್ರಂಕು, ತಾಮ್ರದ ಹಂಡೆ ಹೊತ್ತುಕೊಂಡು ಹೋದರು. ಹಂಡೆಯಲ್ಲಿದ್ದ ನೀರನ್ನು ಮೊದಲು ಚರಂಡಿಗೆ ಚೆಲ್ಲಿದರು. ಅವಳು ಬಾಗಿಲ ಪಕ್ಕ ನಿಂತು ನೋಡುತ್ತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಅವಳು ಅಲ್ಲಿರುವುದೇ ಅವರ ಲೆಕ್ಕಕ್ಕಿರಲಿಲ್ಲ.

ನಮ್ಮದೂ ಅದೇ ಸ್ಥಿತಿ. ನಮ್ಮವರು ಕೊಬ್ಬರಿ ಲಾರಿ ಓಡಿಸುತ್ತಿದ್ದರು, ನಾನು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೆ. ಜಾತಿ ಬೇರೆಯಾದ್ದರಿಂದ ಎರಡೂ ಮನೆಯವರು ನಮ್ಮನ್ನು ಬಿಟ್ಟಿದ್ದರು. ರಿಜಿಸ್ಟರ್ ಮದುವೆಗೆ ಒಂದು ತಿಂಗಳು ನೋಟೀಸು ಹಚ್ಚುತ್ತಾರೆಂದು ಕೇಳಿ, ನಮ್ಮವರ ತಮ್ಮಂದಿರಿಗೆ ಹೆದರಿ ಸುಮ್ಮನಾಗಿದ್ದೆವು. ಕರಿಮಣಿಯನ್ನು ನಾನೇ ಸಂತೆಯಲ್ಲಿ ಕೊಂಡು ಕಟ್ಟಿಕೊಂಡಿದ್ದೆ. ಮಗಳಿಗೆ ಆಗ ಎರಡು ವರ್ಷ.

ಅವರಿಗೆ ವಿಮೆ ಮಾಡಿಸಲೇಬೇಕೆಂದು ಹಟ ಹಿಡಿದವಳು ನಾನು. ಒಂದು ಭಾನುವಾರ ಏಜೆಂಟರು ಬಂದರು. ನಿವೃತ್ತ ಮೇಷ್ಟ್ರು. ಮಗುವಿನ ಹೆಸರಲ್ಲೇ ಮಾಡಿಸುವ ಪಾಲಿಸಿಯೂ ಇದೆ ಎಂದರು. ದುಡಿಯುವವರ ಹೆಸರಿಗೇ ಇರಲಿ ಎಂದೆ. ಫಾರಂ ತುಂಬುತ್ತಾ ನಾಮಿನಿಯ ಕಾಲಂಗೆ ಬಂದರು.

"ಇವಳೇ," ಎಂದರು ನಮ್ಮವರು.

"ಸಂಬಂಧ ಹೆಂಡ್ತಿ. ಅಲ್ವೇನಪ್ಪ? ಮದುವೆ ಎಲ್ಲಾಯ್ತು?"

ಸುಮ್ಮನೆ ಮಾತಿಗೆ ಕೇಳಿದ್ದು. ನಮ್ಮವರು "ಹಿರಿಯೂರಾಗೆ" ಅಂದರು. ಅದೇ ಹೊತ್ತಿಗೆ ಒಲೆಯ ಮುಂದಿನಿಂದ ನಾನು "ಚಿತ್ರದುರ್ಗದಾಗೆ" ಅಂದೆ. ಕೇಳಿದವರಿಗೆಲ್ಲ ಇಬ್ಬರೂ ಬೇರೆಬೇರೆಯಾಗಿ ಹೇಳಿಕೊಂಡು ಬಂದಿದ್ದೆವು. ಒಮ್ಮೆಯೂ ಕೂತು ಒಂದೇ ಊರು ಎಂದು ಮಾತಾಡಿಕೊಂಡಿರಲಿಲ್ಲ.

ಮೇಷ್ಟ್ರು ಪೆನ್ನಿನ ಕ್ಯಾಪು ಹಾಕಿದರು. "ಅಲ್ಲಪ್ಪ, ಎರಡೂರಾಗೂ ಊಟ ಹಾಕ್ಸಿದ್ರಾ? ನನ್ನ ಒಂದೂರಿಗಾದ್ರೂ ಕರೀಬಾರದಿತ್ತಾ?"

ಯಾರೂ ನಗಲಿಲ್ಲ. ನಾನು ಇದ್ದದ್ದನ್ನು ಹೇಳಿದೆ. ಮೇಷ್ಟ್ರು ಫಾರಂ ಪಕ್ಕಕ್ಕಿಟ್ಟರು.

"ನೋಡಮ್ಮ, ಹೆಂಡ್ತಿ ಅಂತ ಬರೆದು ನಾಳೆ ಇವರ ತಮ್ಮಂದಿರು ತಕರಾರು ತೆಗೆದ್ರೆ ನಿನ್ನತ್ರ ಏನೈತೆ ತೋರ್ಸಾಕೆ? ಮಗಳ ಹೆಸರು ಬರ್ಸು. ಆಸ್ಪತ್ರೆ ಚೀಟಿ ಐತಾ?"

"ಐತ್ರಿ. ತಂದೆ ಹೆಸರೂ ಐತೆ."

"ಮತ್ತಿನ್ನೇನು. ಆಕೆ ದೊಡ್ಡೋಳಾಗೋ ತನಕ ದುಡ್ಡು ಇಸ್ಕಳ್ಳಾಕೆ ಒಬ್ಬರನ್ನ ನೇಮಿಸ್ಬೇಕು. ಅಲ್ಲಿ ನಿನ್ನ ಹೆಸರು. ಮಗೀಗೆ ತಾಯಿ ಅಂತ."

"ಬ್ಯಾಡ್ರಿ ಮೇಷ್ಟ್ರೇ," ಎಂದರು ನಮ್ಮವರು. "ಹೆಂಡ್ತಿ ಅಂತಾನೇ ಬರೀರಿ." ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: "ಎಲ್ಲೂ ಬರ್ದಿಲ್ಲ ಕಣೇ. ಇದೊಂದ್ರಾಗಾದ್ರೂ ಇರ್ಲಿ."

ನನಗೂ ಅದೇ ಬೇಕಿತ್ತು. ಆದರೆ ಮೂಲೆಮನೆಯವಳು ಕಣ್ಣ ಮುಂದಿದ್ದಳು.

"ನೀವಿದ್ದಾಗ ಯಾರೂ ಕೇಳಲ್ಲ," ಎಂದೆ. "ನೀವಿಲ್ದಾಗ ಕೇಳ್ತಾರೆ. ಆವಾಗ ನಾನೊಬ್ಳೇ ಇರ್ತೀನಿ."

ಅವರು ಫಾರಂ ಅನ್ನು ಮೇಷ್ಟ್ರ ಕಡೆಗೆ ಸರಿಸಿದರು. ಮೇಷ್ಟ್ರು ಮಗಳ ಹೆಸರು ಬರೆದರು. ನನ್ನ ಹೆಸರಿನ ಮುಂದೆ ಗಂಡನ ಅಥವಾ ತಂದೆಯ ಹೆಸರು ಕೇಳಿತ್ತು. ನಾಲ್ಕು ವರ್ಷದಿಂದ ನನ್ನ ಮುಖ ನೋಡದ ಅಪ್ಪನ ಹೆಸರು ಹೇಳಿದೆ. ನಮ್ಮವರು ಸಹಿ ಮಾಡಿದ ಮೇಲೂ ಪೆನ್ನನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದರು. ನಾನು ಮಗುವಿಗೆ ಅನ್ನ ಕಲಸಲು ಎದ್ದೆ.

ಕೆಲವು ವಾರಗಳ ಮೇಲೆ ಪಾಲಿಸಿ ಅಂಚೆಯಲ್ಲಿ ಬಂತು. ನಮ್ಮವರು ಕೊಬ್ಬರಿ ಲೋಡು ತೆಗೆದುಕೊಂಡು ಹೋಗಿದ್ದರು. ಹೊಲಿಗೆ ನಿಲ್ಲಿಸಿ ಎರಡು ಸಲ ಓದಿದೆ. ನಾಮಿನಿ ಅವರ ಮಗಳು, ನಾನು ಅವಳ ತಾಯಿ. ಅವರಿಗೂ ನನಗೂ ಏನೆಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ನೆಮ್ಮದಿಯಾಗಬೇಕಿತ್ತು, ಸುಸ್ತು ಮಾತ್ರ ಆಯಿತು. ಅವರು ಬಂದ ಮೇಲೆ ಕೈಗೆ ಕೊಟ್ಟೆ. ತೆರೆದು ನೋಡದೆ, "ನಿನ್ನತ್ರಾನೇ ಇರ್ಲಿ" ಎಂದರು.